ಮುಂದಿನ ಭಾಗ ಬಾಡಿಗೆಗೆ

ಮ್ಯಾನೇಜರ್ ಮಹಾದೇವಯ್ಯನವರು ಗೋಡೆಯಾಚೆ ಗಂಟಲು ಸರಿಮಾಡಿಕೊಂಡರೆ ಸಾಕು, ಯೋಗನರಸಿಂಹ ಕಾಫಿ ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದ. ಕುಣಿಗಲ್ಲಿನಿಂದ ತುಮಕೂರಿನ ಸರ್ಕಾರಿ ಆಫೀಸಿಗೆ ವರ್ಗವಾಗಿ ಬಂದ ಈ ಗುಮಾಸ್ತನಿಗೆ ಅವರು ತಾವು ಬಾಡಿಗೆಗಿದ್ದ ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದರು. ಅಂದಿನಿಂದ ಆಫೀಸಿನಲ್ಲಿ ಫೈಲು, ಮನೆಯಲ್ಲಿ ಅವರ ತರಕಾರಿ ಚೀಲ, ಎರಡನ್ನೂ ಅವನೇ ಹೊರುತ್ತಿದ್ದ.

"ಏನೂಂದ್ರೆ, ಗುಬ್ಬಿ ಗೇಟ್ ಹತ್ರ ಮಾರಾಟಕ್ಕಿದೆಯಲ್ಲ, ಆ ಮನೆ ತಗೊಂಡ್ಬಿಡಿ. ಹಿಂದೆ ನಾವಿರೋಣ, ಮುಂದಿನ ಭಾಗ ಬಾಡಿಗೆಗೆ ಕೊಡೋಣ" ಎಂದಳು ಅವನ ಹೆಂಡತಿ ಅಲಮೇಲಮ್ಮ, ಒಂದು ಭಾನುವಾರ ಬೆಳಿಗ್ಗೆ.

"ಇರೋದು ಕುಣಿಗಲ್ ಕೆರೆ ಕೆಳಗಿನ ಗದ್ದೆ ಒಂದೇ ಕಣೇ. ಅದನ್ನೂ ಮಾರಿ, ಗುರುತಿಲ್ಲದ ಊರಲ್ಲಿ ಮುಳುಗಿದ್ರೆ?"

ಆದರೂ ನೋಡಲು ಹೋದ. ಪಕ್ಕದ ಮನೆಯ ಪುಟ್ಟಗಂಗಮ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದಳು.

"ಕೊಳ್ಳೋಕ್ ಬಂದ್ರಾ? ಪಾಪ. ಬಾಡಿಗೆಗೆ ವಕೀಲ ಬಂದ್ರೆ ಮನೇನೇ ಅವನ್ದಾಯ್ತದೆ. ಪೊಲೀಸ್ನೋನ್ ಬಂದ್ರೆ ಬಾಡಿಗೆ ಕೇಳೋರ್ಯಾರು? ನಿಮ್ಮನೆ ಬಾಗಿಲು ತೆಗ್ಯೋಕೂ ಅವನ್ನೇ ಕೇಳ್ಬೇಕಾಯ್ತದೆ."

ಯೋಗನರಸಿಂಹ ಬಂದ ದಾರಿಯತ್ತ ತಿರುಗಿದ. ಓಡಿಹೋಗಬೇಕು ಎನ್ನುವಷ್ಟರಲ್ಲಿ ಮನೆ ಮಾರುತ್ತಿದ್ದ ಮಾಲೀಕ ಪರಮಶಿವಯ್ಯ ಬಂದ.

"ಬಾಡಿಗೆದಾರರನ್ನ ಹುಡುಕೋ ತಲೆನೋವೇ ಇಲ್ಲ ಸ್ವಾಮಿ. ಮನೆ ಖಾಲಿ ಇದ್ರೆ ಸರ್ಕಾರಕ್ಕೆ ತಿಳಿಸ್ಬೇಕಲ್ಲ, ಬರ್ಕೊಟ್ಟಿದ್ದೆ; ಬಾಡಿಗೆಗೆ ಯಾರಿರ್ಬೇಕು ಅಂತ ಅವರೇ ಗೊತ್ತುಮಾಡ್ತಾರೆ. ಮುಂದಿನ ಭಾಗಾನ ನಿನ್ನೆ ತಾನೆ ಒಬ್ರು ಸರ್ಕಾರಿ ನೌಕರರಿಗೆ ಅಲಾಟ್ ಮಾಡಿದಾರೆ. ಬಹಳ ಸಾಧುಗಳಂತೆ."

ಹೆಸರು ಕೇಳಬೇಕೆಂದು ಯೋಗನರಸಿಂಹನಿಗೆ ಹೊಳೆಯಲೇ ಇಲ್ಲ. ಸಾಧು ಎಂಬ ಮಾತೊಂದೇ ಅವನ ಕಿವಿಯಲ್ಲಿ ಉಳಿಯಿತು. ಮನಸ್ಸು ಬದಲಾಗುವ ಮೊದಲೇ ಮುಂಗಡ ಕೊಟ್ಟು ಒಪ್ಪಂದಕ್ಕೆ ಸಹಿ ಹಾಕಿಬಿಟ್ಟ.

ಈಗ ಇನ್ನೂ ದೊಡ್ಡ ಭಯ ಹಿಡಿಯಿತು. ಕೋಣೆ ಬಿಡುತ್ತೇನೆಂದು ಮ್ಯಾನೇಜರಿಗೆ ಹೇಳುವುದು ಹೇಗೆ? ದಾರಿಯುದ್ದಕ್ಕೂ ಆ ಒಂದು ವಾಕ್ಯವನ್ನು ಮಗ್ಗಿಯಂತೆ ಉರುಹೊಡೆದುಕೊಂಡು ಬಂದ. ಮಹಾದೇವಯ್ಯನವರು ಜಗಲಿಯ ಮೇಲೆ ತರಕಾರಿ ಚೀಲ ಇಟ್ಟುಕೊಂಡು ಕಾಯುತ್ತಿದ್ದರು.

"ಸಾರ್... ಕೋಣೆ ಖಾಲಿ ಮಾಡ್ತೀನಿ" ಎಂದು ಕಣ್ಣು ಮುಚ್ಚಿಕೊಂಡು ಹೇಳಿದ.

ಮಹಾದೇವಯ್ಯನವರು ನಕ್ಕರು. ಅವರು ನಗುವುದನ್ನು ಅವನು ನೋಡಿದ್ದು ಅದೇ ಮೊದಲು.

"ಒಳ್ಳೇದಾಯ್ತು ಕಣಯ್ಯ. ನಾನೂ ಈ ಮನೆ ಬಿಡ್ತಿದೀನಿ, ನಿನಗೆ ಹೇಗೆ ಹೇಳೋದು ಅಂತಿದ್ದೆ. ಗುಬ್ಬಿ ಗೇಟ್ ಹತ್ರ ಪರಮಶಿವಯ್ಯನ ಮನೆ ಮುಂದಿನ ಭಾಗ ನನಗೆ ಅಲಾಟ್ ಆಗಿದೆ. ಪರಮಶಿವಯ್ಯನೇ ನಿನ್ನೆ ಹೇಳ್ದ, ಆ ಮನೇನ ಯಾರೋ ಕೊಳ್ಳೋನಿದಾನಂತೆ, ಹಿಂದೆ ಅವನೇ ಇರ್ತಾನಂತೆ. ಬಾಡಿಗೆ ಅಂತ ಬಂದು ನನ್ನ ಬಾಗಿಲು ತಟ್ಲಿ, ನೋಡ್ಕೋತೀನಿ."

ಯೋಗನರಸಿಂಹ ಒಪ್ಪಂದದ ಕಾಗದವನ್ನು ಜೇಬಿನಲ್ಲಿ ಇನ್ನಷ್ಟು ಒಳಕ್ಕೆ ತಳ್ಳಿದ.

"ತಟ್ಟಲ್ಲ ಸಾರ್" ಎಂದು ತರಕಾರಿ ಚೀಲಕ್ಕೆ ಕೈ ಚಾಚಿದ.