ಬಣವೆ ಓದಿದ ಕಾಗದ

ಕೆಲವರ ಬೆನ್ನಿಗೆ ನಾಯಿ ಬೀಳ್ತವೆ, ನನ್ನ ಬೆನ್ನಿಗೆ ಮಾತ್ರ ಕಾಗದಗಳೇ ಬೀಳ್ತಾ ಬಂದವು. ನನಗೆ ಅಕ್ಷರ ಬರಾಕಿಲ್ಲ. ಆದ್ರೂ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಲ್ಲಿ ನನ್ನಷ್ಟು ಕಾಗದ ಕಂಡೋನು ಇನ್ನೊಬ್ಬ ಇಲ್ಲ. ಕಂಡಿದ್ದೆಲ್ಲ ಅನುಮಾನದಿಂದಲೇ. ಇದನ್ನ ಬರೀತಾ ಇರೋಳು ನನ್ನ ಮೊಮ್ಮಗಳು. ಬರೆದಿದ್ದನ್ನ ಬೇರೆಯವರ ಕೈಲಿ ಓದಿಸಿ ನೋಡ್ತೀನಿ ಅಂತ ಅವಳಿಗೆ ಮೊದಲೇ ಹೇಳಿದೀನಿ.

೧. ಮೂರು ಬಾಯಿ

ಮಹಾರಾಜರ ಕಾಲ, ದೊಡ್ಡ ಯುದ್ಧ ನಡೀತಿತ್ತು. ನಾನು ಪಾವಗಡದ ಕಡೆಯಿಂದ ಮಧುಗಿರಿಗೆ ಕಡ್ಲೆಕಾಯಿ ಗಾಡಿ ಹೊಡೀತಿದ್ದೆ. ದಾರೀಲಿ ಒಂದು ಲಂಬಾಣಿ ತಾಂಡ. ಅಲ್ಲಿಯ ಒಬ್ಬ ಹುಡುಗ ಹೈಸ್ಕೂಲಿಗೆ ನನ್ನ ಗಾಡೀಲೇ ಬರೋನು, ಮೂಟೆ ಮೇಲೆ ಕೂತು ಗಟ್ಟಿಯಾಗಿ ಓದೋನು. ಅದನ್ನ ಕೇಳಿ ಕೇಳಿ ನನ್ನ ಎತ್ತುಗಳೂ ಹೈಸ್ಕೂಲು ಮುಗಿಸಿದವು. ಎಡಗಡೇದು ಲೆಕ್ಕದಲ್ಲಿ ಸ್ವಲ್ಪ ಹಿಂದೆ.

ಹುಡುಗ ಪಾಸಾದ. ಬೆಂಗಳೂರಿನ ಕಾಲೇಜಲ್ಲಿ ಜಾಗವೂ ಸಿಕ್ತು. ಉಳ್ಕೊಳ್ಳೋಕೆ ಮಾತ್ರ ಜಾಗ ಇರಲಿಲ್ಲ. ಅಲ್ಲಿ ಒಂದೊಂದು ಜಾತಿ ಜನಕ್ಕೆ ಒಂದೊಂದು ಹಾಸ್ಟೆಲು, ಇವನ ಜನದ್ದು ಒಂದೂ ಇಲ್ಲ. ಕೊನೆಗೆ ಎಲ್ಲಾ ಜನಕ್ಕೂ ಸೇರಿದ ಒಂದು ಹಾಸ್ಟೆಲಿನೋರು, 'ಒಂದು ಹಾಸಿಗೆ ಐತೆ, ಕಂದಾಯ ಕಟ್ಟೋ ಹಿರಿಯರೊಬ್ಬರು ಹುಡುಗನ ಹೊಣೆ ಹೊತ್ತು ರುಜುವೋ ಹೆಬ್ಬೆಟ್ಟೋ ಹಾಕಿ ಕಳಿಸಲಿ' ಅಂತ ಕಾಗದ ಹಾಕಿದ್ರು. ತಾಂಡದಲ್ಲಿ ಕಂದಾಯ ಕಟ್ಟೋರು ಯಾರೂ ಇಲ್ಲ. ಹುಡುಗ ನನ್ನ ಹತ್ರ ಬಂದ.

ನನ್ನದೊಂದು ಕಟ್ಟುಪಾಡು. ಯಾವ ಕಾಗದವೇ ಆಗಲಿ, ಒಬ್ಬರಿಗೊಬ್ಬರು ಕಾಣದ ಹಾಗೆ ಮೂವರು ಓದಿ ಹೇಳಬೇಕು, ಆಮೇಲೇ ಹೆಬ್ಬೆಟ್ಟು. ಬಡವನಹಳ್ಳಿ ಮೇಷ್ಟ್ರು ಓದಿದ್ರು, ನಮ್ಮೂರ ಶಾನುಭೋಗರು ಓದಿದ್ರು, ಸಿರಾ ಸಂತೇಲಿ ಬಟ್ಟೆ ಸಾಬರು ಓದಿದ್ರು. ಮೂವರು ಹೇಳಿದ್ದೂ ಒಂದೇ, ಒಂದಕ್ಷರ ಆಚೀಚೆ ಇಲ್ಲ.

"ಇನ್ನೇನು ಗೌಡ್ರೇ, ಒತ್ತಿ" ಅಂದ ಹುಡುಗ.

"ತಡಿಲಾ. ಮೂವರೂ ಒಂದೇ ಮಾತು ಹೇಳ್ತಾರೆ ಅಂದ್ರೆ ಮೊದಲೇ ಮಾತಾಡ್ಕೊಂಡವ್ರೆ" ಅಂತ ಕಾಗದ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

೨. ಪಟ್ಟೀಲಿ ಇಲ್ದೋನು

ಅದರ ಜೊತೆಗೆ ಹುಡುಗ ಯಾವ ಜನ ಅಂತ ಸರ್ಕಾರದ ಒಂದು ಚೀಟಿ ಬೇಕಿತ್ತು. ಮಧುಗಿರಿ ಕಚೇರಿಗೆ ನಾನೇ ಕರ್ಕೊಂಡು ಹೋದೆ. ಅಮಲ್ದಾರರೇ ನನ್ನ ಕಂಡ್ರೆ ಎದ್ದು ನಿಲ್ಲೋರು. ಅವತ್ತು ಊರಲ್ಲಿರಲಿಲ್ಲ, ಅದಕ್ಕೇ ಎದ್ದಿಲ್ಲ ಅಷ್ಟೆ.

ಗುಮಾಸ್ತೆ ಕನ್ನಡಕದ ಮೇಲಿಂದ ನೋಡಿ, "ಯಾವ ಜನ?" ಅಂದ.

"ಲಂಬಾಣಿ."

ಪಟ್ಟಿ ಮೇಲೆ ಬೆರಳಾಡಿಸಿ, "ಇದರಲ್ಲಿ ಅಂಥೋರು ಇಲ್ಲ" ಅಂದ.

"ಪಟ್ಟೀಲಿ ಇಲ್ದಿದ್ರೆ ನಿಮ್ಮ ಮುಂದೆ ನಿಂತಿರೋನು ಯಾರು ಸ್ವಾಮಿ?"

"ನನಗೂ ಅದೇ ಅನುಮಾನ" ಅಂದ ಗುಮಾಸ್ತೆ. ಅರ್ಧ ದಿನ ಅನುಮಾನ ಪಟ್ಟು, ಕೊನೆಗೆ 'ಇತರೆ' ಅಂತ ಬರೆದು ಮೊಹರು ಹೊಡೆದ.

ಹೊರಗೆ ಬಂದು ಹುಡುಗ ಚೀಟಿ ನೋಡಿಕೊಂಡು ಹೇಳ್ದ, "ಇರ್ಲಿ ಬುಡಿ ಗೌಡ್ರೇ. ಬೆಳಗ್ಗೆ ಬಂದಾಗ ಅದೂ ಆಗಿರಲಿಲ್ಲ."

೩. ಎದೆ ಅಳತೆ

ಆಮೇಲೆ ಆಸ್ಪತ್ರೆ ಚೀಟಿ. ಡಾಕ್ಟರು ಹುಡುಗನ ಎತ್ತರ ಅಳೆದ್ರು, ತೂಗಿದ್ರು, ಕಣ್ಣಿಗೆ ಬೆಳಕು ಬಿಟ್ರು, ಟೇಪು ತಗೊಂಡು ಎದೆ ಸುತ್ತ ಅಳೆದ್ರು. "ಉಸಿರು ಎಳ್ಕೋ, ಬಿಡು" ಅಂದ್ರು. ಅಲ್ಲೇ ನನ್ನ ಕಿವಿ ನೆಟ್ಟಗಾಯ್ತು. ಹಿಂದಿನ ತಿಂಗಳು ಕೊರಟಗೆರೆ ಸಂತೇಲಿ ಸೈನ್ಯಕ್ಕೆ ಆಳು ತಗೊಳ್ಳೋರು ಹಿಂಗೇ ಅಳೀತಿದ್ರು. ನನ್ನ ಎದೆ ಅಳೆಯೋಕೂ ಬಂದಿದ್ರು, ಟೇಪು ಸಾಲದೆ ವಾಪಸ್ ಹೋದ್ರು.

ತಾಂಡಕ್ಕೆ ಹೋಗಿ ಅವರವ್ವಂಗೆ ಹೇಳ್ದೆ. ಆಯಮ್ಮ ಕೂತಿದ್ದೋಳು ಎದ್ದು ನಿಂತ್ಲು.

"ಏಮಯ್ಯಾ ಗೌಡ, ಓದೋದು ತಲೇಲಿ ತಾನೆ? ತಲೆ ಅಳೆದ್ರಾ?"

"ಇಲ್ಲ ಕಣಮ್ಮ. ತಲೆ ತಂಟೆಗೇ ಹೋಗಲಿಲ್ಲ."

"ಹಂಗಾದ್ರೆ ಇದು ಕಾಲೇಜಲ್ಲ" ಅಂದ್ಲು. ನನಗೂ ಹಂಗೇ ಅನಿಸ್ತು. ಹುಡುಗ ಎಷ್ಟು ಬಾಯಿ ಬಡ್ಕೊಂಡ್ರೂ ನಾವು ಕೇಳಲಿಲ್ಲ. ತಲೇಲಿ ಓದೋನ ಮಾತು ಯಾರು ನಂಬ್ತಾರೆ.

೪. ಬಣವೆ

ನನ್ನ ಹೆಬ್ಬೆಟ್ಟು ಬೆಂಗಳೂರು ಮುಟ್ಟಲಿಲ್ಲ. ತಿಂಗಳ ಕೊನೇಲಿ ಒಂದು ಮಧ್ಯಾಹ್ನ, ಕೋಟು ಪೇಟದೋರೊಬ್ಬರು ಕಂಕುಳಲ್ಲಿ ಕಾಗದದ ಕಟ್ಟು ಇಟ್ಕೊಂಡು ತಾಂಡದ ಕಡೆ ನಡ್ಕೊಂಡು ಬರ್ತಿದ್ರು. ನಾನು ಅಲ್ಲೇ ಎತ್ತಿಗೆ ನೀರು ಕುಡಿಸ್ತಿದ್ದೆ. ಸೈನ್ಯದೋನೇ ಇವನು ಅಂತ ಕಂಡ ಕೂಡ್ಲೇ ಗೊತ್ತಾಯ್ತು. ಹುಡುಗನ್ನ ಅವರವ್ವ ರಾಗಿ ಹುಲ್ಲಿನ ಬಣವೆಯೊಳಗೆ ತುರುಕಿ, "ಅಲ್ಲಾಡಿದ್ರೆ ನೋಡು" ಅಂದ್ಲು.

"ಇಲ್ಲಿ ಒಬ್ಬ ಓದಿದ ಹುಡುಗ ಇದಾನಂತೆ. ಆರೋಗ್ಯವಾಗಿದಾನಾ?" ಅಂದ್ರು ಬಂದೋರು.

"ಎಲ್ಲಿ ಬಂತು ಸ್ವಾಮಿ. ಒಂದು ಕಾಲು ಕುಂಟು."

"ಕಣ್ಣು?"

"ಹಗಲು ಕಾಣಲ್ಲ."

"ಕಿವಿ?"

"ಪಕ್ಕದಲ್ಲಿ ಗುಡುಗಿದ್ರೂ ಕೇಳಲ್ಲ."

"ಮತ್ತೆ ಪರೀಕ್ಷೆ ಹೇಗೆ ಪಾಸು ಮಾಡಿದ?"

"ಹೋದ ವಾರ ಸತ್ತೋದ" ಅಂದ್ಬುಟ್ಟೆ. ಅವರವ್ವ ತಕ್ಷಣ ಸೆರಗು ಮುಖಕ್ಕೆ ಹಾಕ್ಕೊಂಡು ಅತ್ಲು. ಎಷ್ಟು ಚೆನ್ನಾಗಿ ಅತ್ಲು ಅಂದ್ರೆ, ಹುಡುಗ ನಿಜವಾಗ್ಲೂ ಸತ್ತವ್ನಾ ಅಂತ ನನಗೇ ಅನುಮಾನ ಬಂತು.

ಅವರು ನನ್ನ ನೋಡಿದ್ರು, ಆಯಮ್ಮನ್ನ ನೋಡಿದ್ರು, ಬಣವೆ ನೋಡಿದ್ರು. ಗಾಳಿ ಇಲ್ದಿದ್ರೂ ಬಣವೆ ಒಂದು ಕಡೆ ಉಸಿರಾಡ್ತಿತ್ತು.

"ಪಾಪ. ನಾನು ಹಾಸ್ಟೆಲಿನೋನು. ಹೆಬ್ಬೆಟ್ಟಿನ ಕಾಗದ ಬರಲಿಲ್ಲವಲ್ಲ, ವಿಚಾರಿಸೋಣ ಅಂತ ಬಂದೆ. ಹಾಸಿಗೆ ಇನ್ನು ಬೇರೆಯವರಿಗೆ ಕೊಡ್ತೀವಿ" ಅಂದ್ರು.

ಇದೂ ಸೈನ್ಯದೋರ ಮಸಲತ್ತೇ ಅಂದ್ಕೊಂಡೆ. ಅವರು ಒಂದು ಕಾಗದ ಬಿಡಿಸಿ, ಬಣವೆ ಕಡೆ ತಿರುಗಿ, ಗಟ್ಟಿಯಾಗಿ ಓದ್ಕೊಂಡ್ರು. "ಅಂಥ ಬುದ್ಧಿವಂತನೇನೂ ಅಲ್ಲ ಬಿಡಿ. ಲೆಕ್ಕದಲ್ಲಿ ಬರೀ ಮೂವತ್ತೆರಡು."

"ಎಂಬತ್ತೆರಡು ಸಾರ್" ಅಂತು ಬಣವೆ.

ಅವರು ಮುಖದಲ್ಲಿ ಏನೂ ತೋರಿಸದೆ, "ಇಂಗ್ಲಿಷು ನಲವತ್ತು" ಅಂದ್ರು.

"ಎಪ್ಪತ್ತೊಂದು" ಅಂತ ಹುಡುಗ ತಲೆ ಹೊರಗೇ ಹಾಕಿದ. ಅವರವ್ವ ಅಳು ನಿಲ್ಲಿಸಿ ಅವನ ತಲೆಗೊಂದು ಕೊಟ್ಲು.

"ಸತ್ತೋರಲ್ಲಿ ಇಷ್ಟು ನಂಬರು ತೆಗೆದೋನು ಇವನೊಬ್ಬನೇ" ಅಂದ್ರು ಹಾಸ್ಟೆಲಿನೋರು. "ಗೌಡರೇ, ನಾಳೆಗೆ ಕಡೇ ದಿನ. ಇವತ್ತು ಹೆಬ್ಬೆಟ್ಟು ಬಿತ್ತೋ ಹಾಸಿಗೆ ಇವನದು. ಇಲ್ದಿದ್ರೆ ಮುಂದಿನ ವರ್ಷ ನೋಡೋಣ."

ಹುಡುಗ ಬಣವೆಯಿಂದ ಹೊರಗೆ ಬಂದ. ತಲೆ ತುಂಬ ಹುಲ್ಲು, ಕಣ್ಣು ನನ್ನ ಹೆಬ್ಬೆಟ್ಟಿನ ಮೇಲೆ.

ಸೊಂಟದಿಂದ ಕಾಗದ ತೆಗೆದೆ. ಆದ್ರೆ ಹಳೇ ಮೂವರು ಮಾತಾಡ್ಕೊಂಡಿದ್ದೋರು, ಆ ಓದು ಲೆಕ್ಕಕ್ಕಿಲ್ಲ. ಹೊಸದಾಗಿ ಮೂರು ಬಾಯಿ ಬೇಕು. ಹಾಸ್ಟೆಲಿನೋರು ನಿಟ್ಟುಸಿರು ಬಿಟ್ಟು ಒಂದು ಸಲ ಓದಿದ್ರು. ಅವರನ್ನ ಗಾಡಿ ಆಚೆಗೆ ಕಳಿಸಿ, ಹುಡುಗನ ಕೈಲಿ ಒಂದು ಸಲ ಓದಿಸ್ದೆ. ಆ ಸುತ್ತಿನಲ್ಲಿ ಅಕ್ಷರ ಬರೋ ಮೂರನೆಯವರು ಇರಲಿಲ್ಲ.

"ಲೇ, ಮತ್ತೆ ಒಳಕ್ಕೆ ಹೋಗು" ಅಂದೆ.

ಹುಡುಗ ಕಾಗದ ತಗೊಂಡು ಬಣವೆಯೊಳಗೆ ಹೋದ. ಬಣವೆ ಮೊದಲಿಂದ ಕೊನೆವರೆಗೆ ಓದ್ತು. ಅದು ಓದಿದ್ದೂ ಅದೇ ಇತ್ತು. ಬಣವೆ ಯಾರ ಜೊತೇಲೂ ಮೊದಲೇ ಮಾತಾಡ್ಕೊಂಡಿರಲ್ಲ ಅಂತ ನಂಬಿ, ಹೆಬ್ಬೆಟ್ಟು ಒತ್ತಿದೆ.