ಮಾವನ ಎರಡನೇ ಸಿಲಿಂಡರು

ದೇವರು ಎರಡು ಕಣ್ಣು, ಎರಡು ಕಿವಿ ಕೊಟ್ಟದ್ದು ಸರಿ, ಬಾಯಿ ಮಾತ್ರ ಒಂದೇ ಕೊಟ್ಟು ಯಾಕೆ ಕೈಬಿಟ್ಟ ಎಂದು ನಮ್ಮ ಸೋದರಮಾವನಿಗೆ ಇವತ್ತಿಗೂ ಸಿಟ್ಟು. ದಾವಣಗೆರೆಯಲ್ಲಿ ಪಂಪ್‌ಸೆಟ್ಟಿನ ಸ್ಪೇರ್ ಪಾರ್ಟ್ಸ್ ಅಂಗಡಿ ಅವರದು. ಊರವರ ಮೋಟರು ಕೆಡುವುದನ್ನೇ ನಂಬಿ ಬದುಕಿದ ಮನುಷ್ಯನಿಗೆ ಯಾವ ವಸ್ತುವಿನ ಮೇಲೆ ನಂಬಿಕೆ ಬಂದೀತು, ಹೇಳಿ? ಪ್ಯಾಂಟಿಗೆ ಬೆಲ್ಟು ಬಿಗಿದು ಒಳಗೊಂದು ಲಾಡಿಯನ್ನೂ ಕಟ್ಟುತ್ತಾರೆ. ಮದುವೆ ಊಟಕ್ಕೆ ಹೊರಟರೆ ಚೀಲದಲ್ಲಿ ಇನ್ನೊಂದು ಜೊತೆ ಚಪ್ಪಲಿ.

ಇಂಥವರು ಮುರ್ಡೇಶ್ವರಕ್ಕೆ ಹೋದವರು ಸಿಲಿಂಡರು ಕಟ್ಟಿಕೊಂಡು ನೀರೊಳಗೆ ಮುಳುಗುವ ಸ್ಕೂಬಾ ಕಲಿತು ಬಂದರು. ದಾವಣಗೆರೆಗೆ ಸಮುದ್ರ ಎಲ್ಲಿಂದ ಬರಬೇಕು? ಬಾವಿ ಇವೆ, ಹೊಳೆ ಇದೆ. ಬಾವಿಗೆ ಬಿದ್ದ ಮೋಟರು ಎತ್ತಲು, ಕಟ್ಟಿಕೊಂಡ ಪೈಪು ಬಿಡಿಸಲು ಗಿರಾಕಿಗಳು ಕರೆಯತೊಡಗಿದರು. ಮಾವ ಮದುಮಗನ ಹುಮ್ಮಸ್ಸಿನಲ್ಲಿ ಹೊರಡುತ್ತಿದ್ದರು.

ಬಾವಿಗೊಂದು ವೇಷ, ಹೊಳೆಗೊಂದು ವೇಷ. ಕೊಕ್ಕನೂರಿನ ಬಾವಿಗೆ ಇಳಿದಾಗ ಸಿಲಿಂಡರುಗಳನ್ನು ಎರಡೂ ಕಂಕುಳ ಕೆಳಗೆ ಕಟ್ಟಿಕೊಂಡರು, ಬೆನ್ನಿಗಿದ್ದರೆ ಇಕ್ಕಟ್ಟಿನಲ್ಲಿ ಕಲ್ಲಿಗೆ ತಗಲುತ್ತದಂತೆ. ಕತ್ತಲೆಗೆ ಎರಡು ಟಾರ್ಚು. ಹೊಳೆಗಾದರೆ ದೊಡ್ಡ ಸಿಲಿಂಡರು ಬೆನ್ನಿಗೆ, ಸೆಳವಿಗೆ ತೇಲದಂತೆ ಸೊಂಟಕ್ಕೆ ಸೀಸದ ತೂಕ, ಮೀನಿನ ಬಲೆ ಸುತ್ತಿಕೊಂಡರೆ ಕತ್ತರಿಸಲು ಕಾಲಿಗೊಂದು ಎದೆಗೊಂದು ಚಾಕು. ಇಷ್ಟರ ಮೇಲೆ ಪಕ್ಕದಲ್ಲಿ ಒಂದು ಪುಟ್ಟ ಸಿಲಿಂಡರು, ಅದಕ್ಕೆ ಉಸಿರಾಡಲು ಬೇರೆಯದೇ ನಳಿಗೆ.

"ದೊಡ್ಡದಕ್ಕೇ ಇನ್ನೊಂದು ನಳಿಗೆ ಹಾಕಿದ್ರೆ ಸಾಲಲ್ವಾ ಮಾವ?" ಎಂದೆ.

"ಟ್ಯಾಂಕೇ ಖಾಲಿ ಆದ್ರೆ ನಲ್ಲಿ ಎಷ್ಟಿದ್ರೇನಪ್ಪ?"

ಅತ್ತೆ ಅಲ್ಲೇ ಇದ್ದರು. "ನಮ್ಮ ತಂಗಿ ಮದುವಿಗೂ ಇಷ್ಟು ಸಾಮಾನು ಹೇರ್ಕೊಂಡು ಹೋಗಿರ್ಲಿಲ್ಲ ಬಿಡ್ರಿ," ಎಂದರು.

ಕಳೆದ ಬೇಸಿಗೆಯಲ್ಲಿ ಹರಿಹರದ ಹತ್ತಿರ ಹೊಳೆದಂಡೆಯ ಗೌಡರೊಬ್ಬರು ಕರೆದರು. ಭತ್ತ ಹೊಡೆ ತುಂಬಿದೆ, ಈಗ ನೀರು ತಪ್ಪಿದರೆ ಕಾಳಿಲ್ಲ, ಪಂಪಿನಲ್ಲಿ ನೀರು ಸಣ್ಣಗೆ ಬರುತ್ತಿದೆ, ಮಡುವಿನಲ್ಲಿರುವ ಪೈಪಿನ ಬಾಯಿಗೆ ಏನೋ ಸಿಕ್ಕಿಕೊಂಡಿದೆ. ನಾನು, ಮಾವ, ಬುತ್ತಿ ಕಟ್ಟಿಕೊಂಡ ಅತ್ತೆ ಹೋದೆವು.

ನಮ್ಮ ಕಡೆಯ ಹೊಲದ ಮೋಟರು ನಿಮಗೆ ಗೊತ್ತಿರಬೇಕು. ಕರೆಂಟು ಯಾವಾಗ ಬರುತ್ತದೋ ಬಲ್ಲವರಿಲ್ಲ, ಹಾಗಾಗಿ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ಕರೆಂಟು ಬಂದೊಡನೆ ಮೋಟರು ತಾನೇ ಶುರು. ಮಾವ ಇದನ್ನು ಮರೆಯುವವರೇ? ಮೋಟರ್ ಮನೆಗೆ ಹೋಗಿ ಫ್ಯೂಜುಗಳನ್ನು ಕಿತ್ತು ನನ್ನ ಜೇಬಿಗೆ ಹಾಕಿದರು. ಸೊಂಟದ ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟರು. ನಾನು ಒಮ್ಮೆ ಜಗ್ಗಿದರೆ ಅವರೂ ಒಮ್ಮೆ ಜಗ್ಗಬೇಕು, ಕ್ಷೇಮ ಎಂದರ್ಥ.

ಇಳಿದರು. ಗುಳ್ಳೆ ಬರುತ್ತಿದ್ದವು. ಜಗ್ಗಿದೆ, ಜಗ್ಗಿದರು. ಆಮೇಲೆ ನೀರಿನ ಮೇಲೆ ಹರಿದ ಗೋಣಿಚೀಲ ತೇಲಿಬಂತು. ಕೆಲಸ ಆಯಿತು ಎಂದು ನಾನು ಉಸಿರು ಬಿಟ್ಟೆ.

ಆಗ ಹಿಂದೆ ಮೋಟರು ಗುಂಯ್ ಎಂದಿತು.

ಫ್ಯೂಜು ನನ್ನ ಜೇಬಿನಲ್ಲೇ ಇವೆ. ಮೋಟರು ಓಡುತ್ತಿದೆ. ಕೈಯಲ್ಲಿದ್ದ ಹಗ್ಗ ಒಮ್ಮೆಲೇ ಬಿಗಿದುಕೊಂಡಿತು. ಜಗ್ಗಿದೆ, ಉತ್ತರವಿಲ್ಲ. ಮತ್ತೆ ಜಗ್ಗಿದೆ. ಒಂದೇ ಕಡೆ ಬುಸಬುಸನೆ ಗುಳ್ಳೆ ಎದ್ದವು, ಕುದಿಯುವ ಎಸರಿನ ಹಾಗೆ. ಅತ್ತೆ ಸೀರೆ ಮೇಲೆತ್ತಿಕೊಂಡು ಓಡಿಬಿಟ್ಟಿದ್ದರು. ದಂಡೆ ಹತ್ತಿ, ಮೋಟರ್ ಮನೆಯ ಬಾಗಿಲಲ್ಲಿದ್ದ ಗೌಡರನ್ನು ಪಕ್ಕಕ್ಕೆ ನೂಕಿ, ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆಳೆದರು. ಸದ್ದು ನಿಂತಿತು.

ನೀರು ಸುಮ್ಮನಿತ್ತು. ಗುಳ್ಳೆಯೂ ನಿಂತಿತು. ಅಷ್ಟು ಹೊತ್ತು ನಾನು ಯಾವ ಯಾವ ದೇವರಿಗೆ ಹರಕೆ ಹೊತ್ತೆನೋ, ಈಗ ತೀರಿಸಲು ಹೆಸರು ನೆನಪಾಗುತ್ತಿಲ್ಲ. ಆಮೇಲೆ ಸಣ್ಣದೊಂದು ಗುಳ್ಳೆ. ಇನ್ನೊಂದು. ಕೈಯಲ್ಲಿ ಹಗ್ಗ ಒಮ್ಮೆ ಮಿಸುಕಿತು.

ಮಾವ ಮೇಲೆ ಬಂದಾಗ ಬಾಯಲ್ಲಿದ್ದದ್ದು ಪುಟ್ಟ ಸಿಲಿಂಡರಿನ ನಳಿಗೆ. ದೊಡ್ಡದರ ನಳಿಗೆಯನ್ನು ಪೈಪು ಅವರ ಬಾಯಿಂದ ಕಿತ್ತು ಒಳಗೆಳೆದುಕೊಂಡು ಹರಿದು ಹಾಕಿತ್ತು.

ಗೌಡರು ಕೆಳಗಿಳಿದು ಬಂದರು. "ಕರೆಂಟು ಮಧ್ಯಾಹ್ನಕ್ಕಲ್ಲೇನ್ರಿ ಬರೋದು? ನಿಮ್ಮ ಕೆಲಸ ಮುಗಿತಿದ್ದಂಗೆ ನೀರು ಹರೀಲಿ ಅಂತ ಮೊದ್ಲೇ ಫ್ಯೂಜು ಹಾಕಿಟ್ಟೆ. ನೀವು ಕಿತ್ತೀರಂತ ಗೊತ್ತಿತ್ರಿ, ನನ್ನ ಹತ್ರ ಇನ್ನೊಂದು ಜೊತೆ ಫ್ಯೂಜಿತ್ತು."

ಆ ಜೊತೆ ಯಾರ ಅಂಗಡಿಯದು ಗೊತ್ತೇ? ಒಂದು ಸಾಕು ಎಂದ ಗೌಡರಿಗೆ, ಇನ್ನೊಂದು ಇರಲಿ ಎಂದು ಒತ್ತಾಯ ಮಾಡಿ ಕಟ್ಟಿಕೊಟ್ಟವರು ನಮ್ಮ ಮಾವನೇ!

ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮಾವ ಮರಳ ಮೇಲೆ ಕೂತಿದ್ದರು. ಬಕಲುಗಳನ್ನು ನಾನೇ ಬಿಚ್ಚಿದೆ. ಅತ್ತೆ ಬೈಯುತ್ತಾರೆಂದು ಕಾದೆ. ಅವರು ನಾಲ್ಕು ಹೆಜ್ಜೆ ಆಚೆ ನಮಗೆ ಬೆನ್ನು ಮಾಡಿ ನಿಂತಿದ್ದರು, ಸೆರಗು ಬಾಯಿಗಿತ್ತು.

ಮಾವ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು: "ನಳಿಗೆ ಬಾಯಿಂದ ಹೋತು ನೋಡಪ್ಪ, ಇನ್ನೊಂದು ಕೈಗೆ ಸಿಗಲಿಲ್ಲ. ಆಗ ನಿಮ್ಮತ್ತೆ ಒಬ್ಬಾಕಿನೇ ತಾಟಿನ ಮುಂದೆ ಕುಂತಂಗೆ ಕಾಣ್ತು. ನಾನು ಬರೋತನಕ ಎಷ್ಟೊತ್ತಾದ್ರೂ ಉಣ್ಣಲ್ಲಪ್ಪ ಆಕಿ. ನಾನು ಬರ್ಲೇ ಇಲ್ಲ ಅಂದ್ರೆ ಏನು ಮಾಡ್ತಿದ್ಲು?"

ಅತ್ತೆಗೆ ಕೇಳಿಸಿತ್ತು. ಕಣ್ಣೊರೆಸಿಕೊಂಡು ಬಂದರು. ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಮುರಿದು, ಮೊದಲ ತುತ್ತನ್ನು ಮಾವನ ಎದುರಿಗೇ ತಾವು ಬಾಯಿಗೆ ಹಾಕಿಕೊಂಡರು.

"ನೋಡ್ರಿ, ಉಣ್ತೀನಿ," ಎಂದರು. ಅದೇ ತುತ್ತನ್ನು ಎಷ್ಟೋ ಹೊತ್ತು ಅಗಿಯುತ್ತಲೇ ಇದ್ದರು.