ವಾಯುವ್ಯ ಮೂಲೆಯ ಅರ್ಜಿ

ಇದು ಕಳೆದ ವರ್ಷ ಫೆಬ್ರವರಿಯಲ್ಲಿ ಶುರುವಾಗಿ ಜುಲೈನಲ್ಲಿ ಮುಗಿಯಿತು. ನಗರವನ್ನು ಆಳುವ ಕೌಂಟಿಯ ಪ್ಲಾನಿಂಗ್ ಕಚೇರಿಗೆ ಅರ್ಜಿ ಹಾಕಿದವರಿಗೆಲ್ಲ ಇಂಥದ್ದು ಆಗುತ್ತಲೇ ಇರುತ್ತದೆ. ಹೆಚ್ಚಿನವರು ಬೈದುಕೊಂಡು ಮರೆಯುತ್ತಾರೆ. ನಾನು ಕೆಮಿಸ್ಟ್ರಿ ಓದಿದವಳು. ಕಂಡದ್ದನ್ನು ಬರೆದಿಡುವ ಅಭ್ಯಾಸ.

ನೈರೋಬಿಯ ಒಂದು ಸಣ್ಣ ಔಷಧಿ ಕಾರ್ಖಾನೆಯ ಲ್ಯಾಬ್‌ನಲ್ಲಿ ನನ್ನ ಕೆಲಸ. ಪ್ಯಾಕಿಂಗ್ ವಿಭಾಗದಲ್ಲಿ ನಲವತ್ತೊಂದು ಹೆಂಗಸರು. ಅವರಿಗೆ ಶೌಚಾಲಯ ಒಂದು. ಟೀ ವಿರಾಮ ಹದಿನೈದು ನಿಮಿಷ. ಭಾಗಿಸಿದರೆ ಒಬ್ಬೊಬ್ಬರಿಗೆ ಇಪ್ಪತ್ತೆರಡು ಸೆಕೆಂಡು. ಇದನ್ನು ಒಂದು ಹಾಳೆಯಲ್ಲಿ ಬರೆದು ಮ್ಯಾನೇಜರ್ ಮೇಜಿನ ಮೇಲಿಟ್ಟೆ. ಅವರು ಮೈಸೂರಿನವರು.

"ಬಿಡಮ್ಮ, ಇಷ್ಟು ವರ್ಷ ನಡ್ಕೊಂಡು ಬಂದಿಲ್ವಾ?"

"ನಿಮಗೆ ನಡೆದಿದೆ ಸರ್. ನಿಮ್ಮ ರೂಮಿನೊಳಗೇ ಒಂದಿದೆ."

ಅವರು ಹಾಳೆಯನ್ನು ಇನ್ನೊಮ್ಮೆ ಓದಿದರು. ಇನ್ನೆರಡು ಕಟ್ಟಿಸಲು ಒಪ್ಪಿದರು. ಅನುಮತಿ ತರುವ ಕೆಲಸ ಯಾರದು ಎಂದು ಕೇಳಿದೆ.

"ಲೆಕ್ಕ ಮಾಡ್ದೋರೇ ಓಡಾಡ್ಲಿ," ಅಂದರು.

೧. ಹತ್ತಿರ

ಮೊದಲು ನಗರದ ಮಧ್ಯದಲ್ಲಿರುವ ಮುಖ್ಯ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ಶುಭಸಮಾಚಾರ ಹೇಳುವವರಂತೆ ಹೇಳಿದರು: "ಇಲ್ಲಿ ಈಗ ಅರ್ಜಿ ತಗೊಳ್ಳಲ್ಲ ಮೇಡಂ. ಪ್ಲಾನಿಂಗ್ ಸೇವೆಯನ್ನು ವಲಯ ಕಚೇರಿಗಳಿಗೆ ಹಂಚಿದ್ದೇವೆ. ಸೇವೆ ಈಗ ಜನರ ಹತ್ತಿರ ಬಂದಿದೆ."

"ಎಷ್ಟು ಹತ್ತಿರ?"

"ಇಲ್ಲಿಂದ ಎರಡು ಮಟಾಟು."

ಎರಡು ಮಟಾಟು ವ್ಯಾನು ಹತ್ತಿಳಿದು ನಮ್ಮ ವಲಯದ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಕನ್ನಡಕದ ಹಿರಿಯರು, ಸಮಾಧಾನದ ಮನುಷ್ಯ. ನಮ್ಮ ಜಾಗದ ಮೂಲ ನಕ್ಷೆಯ ಪ್ರತಿ ಬೇಕೆಂದರು.

"ಅದು ಎಲ್ಲಿ ಸಿಗುತ್ತೆ ಸರ್?"

"ಮುಖ್ಯ ಕಚೇರಿಯಲ್ಲಿ. ನಕ್ಷೆಗಳು ಮಾತ್ರ ಇನ್ನೂ ಹತ್ತಿರ ಬಂದಿಲ್ಲ."

೨. ಗಾಳಿಯ ದಿಕ್ಕು

ಕಚೇರಿಗೆ ಮೊದಲು ಕೊಟ್ಟ ಪ್ಲಾನಿನಲ್ಲಿ ಶೌಚಾಲಯ ಈಶಾನ್ಯ ಮೂಲೆಯಲ್ಲಿತ್ತು. ಚರಂಡಿ ಅಲ್ಲೇ ಇದೆ, ಪೈಪು ಉಳಿಯುತ್ತದೆ. ಮ್ಯಾನೇಜರ್ ಅದರ ಪ್ರತಿ ನೋಡಿ ಪೆನ್ನು ಕೆಳಗಿಟ್ಟರು.

"ಈಶಾನ್ಯದಲ್ಲಿ ಟಾಯ್ಲೆಟ್ಟಾ? ಅದು ದೇವಮೂಲೆ ಕಣಮ್ಮ. ವಾಯುವ್ಯಕ್ಕೆ ಹಾಕ್ಸು."

ಹಾಕಿಸಿದೆ. ಆಮೇಲೆ ಗೊತ್ತಾಯಿತು, ಎರಡು ವಲಯಗಳ ಗಡಿ ನಮ್ಮ ಕಾಂಪೌಂಡಿನೊಳಗೇ ಹಾದುಹೋಗುತ್ತದೆ. ಗೇಟು ಮತ್ತು ದೇವಮೂಲೆ ಒಂದು ವಲಯದಲ್ಲಿ, ವಾಯುವ್ಯ ಮೂಲೆ ಪಕ್ಕದ ವಲಯದಲ್ಲಿ.

ಕನ್ನಡಕದ ಅಧಿಕಾರಿ ಕೇಳಿದರು, "ಜಾಗ ಯಾಕೆ ಬದಲಾಯಿಸಿದಿರಿ? ಕಾರಣ ಬರೆದುಕೊಡಿ. ಫೈಲನ್ನು ಅಲ್ಲಿಗೆ ಕಳಿಸುತ್ತೇನೆ."

ವಾಪಸ್ ಬಂದು ಮ್ಯಾನೇಜರ್‌ಗೆ ಹೇಳಿದೆ, "ವಾಸ್ತು ಅಂತ ನಾನು ಬರೆಯಲ್ಲ ಸರ್."

"ಬೇಡ. ಏನಾದ್ರೂ ಸೈನ್ಸ್ ಬರಿ."

ಸುಳ್ಳು ಬರೆಯುವುದೂ ನನ್ನಿಂದ ಆಗದು. ಒಂದು ದಿನ ಯೋಚಿಸಿದೆ. ವಾಯುವ್ಯವೆಂದರೆ ವಾಯುವಿನ ದಿಕ್ಕು. "ಗಾಳಿಯ ದಿಕ್ಕನ್ನು ಪರಿಗಣಿಸಿ ಬದಲಾಯಿಸಲಾಗಿದೆ" ಎಂದು ಬರೆದು ಸಹಿ ಹಾಕಿದೆ.

ಅಧಿಕಾರಿ ಎರಡು ಸಲ ಓದಿದರು. "ಈ ವಿಷಯದಲ್ಲಿ ಗಾಳಿ ಬಹಳ ಮುಖ್ಯ," ಅಂದರು. "ಇಷ್ಟು ವರ್ಷದಲ್ಲಿ ನೀವೊಬ್ಬರೇ ಇದನ್ನು ಯೋಚಿಸಿದ್ದು."

೩. ಬಳಕೆ

ಪಕ್ಕದ ವಲಯದ ಅಧಿಕಾರಿ ಹೆಂಗಸು, ಬಿಗಿ ಮುಖ. ಖಾಲಿ ಜಾಗದಲ್ಲಿ ಏನಾದರೂ ಕಟ್ಟುವುದಿದ್ದರೆ ಬಳಕೆ ಬದಲಾವಣೆಯ ಫಾರಂ ಬೇಕಂತೆ. ಅವರು ಓದುತ್ತ ಹೋದರು, ನಾನು ಉತ್ತರ ಕೊಡುತ್ತ ಹೋದೆ.

"ಈಗಿನ ಬಳಕೆ?"

"ಏನೂ ಇಲ್ಲ."

"ಮುಂದಿನ ಬಳಕೆ?"

"ಶೌಚಾಲಯ."

"ಬಳಕೆಯ ಸ್ವರೂಪವನ್ನು ವಿವರಿಸಿ."

"ಎಷ್ಟು ವಿವರ ಬೇಕು ಮೇಡಂ?"

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಆ ಕಾಲಂನಲ್ಲಿ ತಾವೇ ಒಂದು ಅಡ್ಡಗೆರೆ ಎಳೆದರು.

೪. ದಾರಿ

ಏಪ್ರಿಲ್‌ನಲ್ಲಿ ಫೈಲು ನಿಂತಿತು. ಬಿಗಿ ಮುಖದವರು ಹೇಳಿದರು: "ಶೌಚಾಲಯ ನಮ್ಮ ವಲಯದ್ದು. ಆದರೆ ಅದಕ್ಕೆ ಹೋಗುವ ದಾರಿ ಅವರದ್ದು. ಮೊದಲು ಅವರು ಒಪ್ಪಲಿ."

ಕನ್ನಡಕದವರು ಹೇಳಿದರು: "ದಾರಿಗೆ ನನ್ನ ಅಡ್ಡಿಯಿಲ್ಲ. ಆದರೆ ಅಲ್ಲಿ ಶೌಚಾಲಯವೇ ಇಲ್ಲದಿದ್ದರೆ ದಾರಿ ಎಲ್ಲಿಗೆ? ಮೊದಲು ಅವರು ಒಪ್ಪಲಿ."

ಮ್ಯಾನೇಜರ್ ಕರೆದು ಹೇಳಿದರು, "ಸಾಕು ಬಿಡಮ್ಮ. ಪ್ರಯತ್ನ ಮಾಡಿದ್ವಿ ಅಂತಾಯ್ತು."

"ಮಾಡಿದ್ವಿ ಅಂತಾಗೋಕೆ ಅಲ್ಲ ಸರ್ ಮಾಡಿದ್ದು."

ಪ್ರತಿ ಮಂಗಳವಾರ ಬೆಳಿಗ್ಗೆ ಒಂದು ಕಚೇರಿ, ಮಧ್ಯಾಹ್ನ ಇನ್ನೊಂದು. ಏನೂ ಜಗಳವಿಲ್ಲ, ಹೋಗಿ ಎದುರು ಕೂರುವುದು, ಅಷ್ಟೆ. ಆರನೇ ವಾರಕ್ಕೆ ಬೆಳಗಿನ ಕಚೇರಿಯ ಕಾವಲುಗಾರ ನನ್ನ ಹೆಸರು ಕೇಳುವುದನ್ನು ಬಿಟ್ಟ. ನನ್ನನ್ನು ನೋಡಿದೊಡನೆ ಒಳಗೆ ಕೂಗಿ ಹೇಳುತ್ತಿದ್ದ: "ಟಾಯ್ಲೆಟ್ ಮೇಡಂ ಬಂದರು."

ನಾನು ತಿದ್ದಲಿಲ್ಲ. ಅಂತೂ ಯಾರೋ ಒಬ್ಬರು ನೇರ ವಿಷಯಕ್ಕೆ ಬಂದಿದ್ದರು.

೫. ಆಕ್ಷೇಪಣೆ

ಜೂನ್‌ನಲ್ಲಿ ಬಿಗಿ ಮುಖದವರು ಹೊಸದೊಂದು ಹೇಳಿದರು. ಗೇಟಿನ ಬಳಿ ಬೋರ್ಡು ಹಾಕಬೇಕು: ಎರಡು ಶೌಚಾಲಯ ಕಟ್ಟಲಿದ್ದೇವೆ, ಆಕ್ಷೇಪಣೆ ಇದ್ದವರು ಹದಿನಾಲ್ಕು ದಿನದೊಳಗೆ ಬರೆದು ತಿಳಿಸಿ.

"ಒಪ್ಪಿಗೆ ಇದ್ದವರು ಏನು ಮಾಡಬೇಕು ಮೇಡಂ?"

"ಸುಮ್ಮನಿರಬೇಕು. ಒಪ್ಪಿಗೆಗೆ ಫಾರಂ ಇಲ್ಲ."

"ಆಕ್ಷೇಪಣೆ ಬಂದರೆ?"

"ಸಂಬಂಧಪಟ್ಟ ಅಧಿಕಾರಿಗಳೆಲ್ಲ ಸ್ಥಳಕ್ಕೇ ಬಂದು ವಿಚಾರಣೆ ನಡೆಸಬೇಕು. ನಿಯಮ."

ಇದನ್ನೂ ಬರೆದುಕೊಂಡೆ. ಬೋರ್ಡು ಹಾಕಿಸಿ, ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿಗೆ ಓದಿ ಹೇಳಿದೆ. ಎಲ್ಲರೂ ಅವರನ್ನು ಮಾಮಾ ಅನ್ನುತ್ತಾರೆ. ಇಲ್ಲಿ ಹಿರಿಯ ಹೆಂಗಸರನ್ನು ಕರೆಯುವುದೇ ಹಾಗೆ. ಮ್ಯಾನೇಜರ್ ಒಬ್ಬರ ಬಾಯಿಗೆ ಮಾತ್ರ ಅದು ಬರುವುದಿಲ್ಲ, ಸೋದರಮಾವ ಎದುರು ನಿಂತ ಹಾಗಾಗುತ್ತದಂತೆ.

ಮಾಮಾ ಕೇಳಿದರು, "ಒಪ್ಪಿಗೆ ಇದ್ದರೆ ಯಾರೂ ಬರಲ್ಲ. ಆಕ್ಷೇಪಣೆ ಇದ್ದರೆ ಎಲ್ಲರೂ ಬರ್ತಾರೆ. ಅಲ್ವಾ?"

"ಹೌದು."

"ಹಾಗಾದರೆ ನಮ್ಮ ಆಕ್ಷೇಪಣೆ ಇದೆ."

"ಯಾವುದಕ್ಕೆ?"

"ಎರಡು ಅಂತ ಬರೆದಿದ್ದೀರಲ್ಲ, ಅದಕ್ಕೆ. ನಾಲ್ಕು ಬೇಕು."

ಸಂಜೆಯೊಳಗೆ ನಲವತ್ತೊಂದು ಪತ್ರಗಳು ನನ್ನ ಮೇಜಿಗೆ ಬಂದವು. ಒಯ್ದು ತೋರಿಸಿದಾಗ ಮ್ಯಾನೇಜರ್ ಕುರ್ಚಿಯಿಂದ ಎದ್ದರು. "ನಮ್ಮೋರೇ ನಮ್ಮ ಮೇಲಾ?"

"ನಿಯಮದ ಪ್ರಕಾರ ಸರ್."

ಅವರು ಪತ್ರಗಳನ್ನು ಎಣಿಸಿ ಮೇಜಿನ ಮೇಲಿಟ್ಟರು. "ನಾಲ್ಕಾದ್ರೂ ಆಗ್ಲಿ. ವಾಯುವ್ಯ ಮಾತ್ರ ಬಿಡ್ಬೇಡ."

ಮಂಗಳವಾರ ಪತ್ರಗಳನ್ನು ಬಿಗಿ ಮುಖದವರಿಗೆ ಕೊಟ್ಟೆ. ಜುಲೈನ ಒಂದು ಗುರುವಾರ ಎರಡೂ ವಲಯದ ಅಧಿಕಾರಿಗಳು ಒಂದೇ ಕಾರಿನಲ್ಲಿ ಬಂದರು. ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಸಿಕ್ಕಿಕೊಂಡಿದ್ದರಂತೆ. ಬರುವಷ್ಟರಲ್ಲಿ ಟೀ ವಿರಾಮ ಶುರುವಾಗಿತ್ತು. ಬಿಗಿ ಮುಖದವರು ಕಾರಿನಿಂದ ಇಳಿದು, ನೇರವಾಗಿ ಮಾಮಾ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ ಶೌಚಾಲಯ ಎಲ್ಲಿದೆ ಎಂದು ಕೇಳಿದರು.

ಮಾಮಾ ಸಾಲನ್ನು ತೋರಿಸಿದರು. "ಅಲ್ಲೊಂದಿದೆ ಮೇಡಂ. ನಿಮ್ಮದು ಹದಿನೆಂಟನೇ ನಂಬರು. ಉಳಿದ ನಾಲ್ಕು ನಿಮ್ಮ ಮೇಜಿನ ಮೇಲಿವೆ."

ಯಾರೂ ಜಾಗ ಬಿಡಲಿಲ್ಲ. ಬಿಡಿ ಎಂದು ನಾನೂ ಹೇಳಲಿಲ್ಲ. ಅವರು ಸಾಲಿನ ಕೊನೆಯಲ್ಲಿ ನಿಂತರು. ಕನ್ನಡಕದವರು ಅವರ ಫೈಲು ಹಿಡಿದುಕೊಂಡು ಆಕಾಶ ನೋಡುತ್ತಿದ್ದರು.

ವಿಚಾರಣೆ ಐದು ನಿಮಿಷದಲ್ಲಿ ಮುಗಿಯಿತು. ಸೋಮವಾರ ಅನುಮತಿ ಪತ್ರ ಬಂತು, ಎರಡೂ ವಲಯದ ಮೊಹರು ಹಾಕಿ. ಕಟ್ಟಬಹುದಾದ ಶೌಚಾಲಯಗಳು: ನಾಲ್ಕು.